ಶಿಫ್ಟ್ ನೋಡಿ ಹಾಸಿಗೆ ಹಾಸು

ಪೀಣ್ಯದಲ್ಲಿ ಕೆಲಸಕ್ಕಿರುವ ಗೆಳೆಯನನ್ನು ನೋಡಲು ಹೊರಟವರಿಗೆ ಬೆಂಗಳೂರಿನ ಹೋಟೆಲ್ ಪಟ್ಟಿಗಳಿಂದ ಹೆಚ್ಚಿನ ಉಪಯೋಗವಿಲ್ಲ. ಎಂ.ಜಿ. ರಸ್ತೆಗೆ ಎಷ್ಟು ಹತ್ತಿರ, ಬೆಳಗಿನ ತಿಂಡಿ ಬಾಡಿಗೆಯಲ್ಲೇ ಸೇರಿದೆಯೋ ಇಲ್ಲವೋ ಎಂಬುದನ್ನು ಅವು ಹೇಳುತ್ತವೆ. ನಮಗೆ ತಿಳಿಯಬೇಕಾದ ಸಂಗತಿಗಳೇ ಬೇರೆ. ಅವನಿಗೆ ಈ ವಾರ ಯಾವ ಶಿಫ್ಟು? ರೂಮಿನಲ್ಲಿ ಒಟ್ಟು ಎಷ್ಟು ಜನ? ನೀರು ಯಾವ ದಿನ ಬಿಡುತ್ತಾರೆ? ಓನರ್ ಮನೆ ಕೆಳಗೇ ಇದೆಯಾ? ಇವಿಷ್ಟಕ್ಕೆ ಉತ್ತರ ಸಿಕ್ಕಮೇಲೆ ಎಲ್ಲಿ ಮಲಗಬೇಕೆಂಬುದು ತಾನಾಗಿಯೇ ತೀರ್ಮಾನವಾಗುತ್ತದೆ. ಕಿಸೆಯಲ್ಲಿ ಎಷ್ಟು ದುಡ್ಡಿದೆ ಎನ್ನುವುದು ಆಮೇಲಿನ ಮಾತು.

ಆದರೆ ಫೋನಿನಲ್ಲಿ ಇವನ್ನೆಲ್ಲ ಕೇಳಲು ಗೆಳೆಯ ಬಿಡಬೇಕಲ್ಲ. ರಾಣೆಬೆನ್ನೂರು ಕಡೆಯವನಾದರೆ ಮಾತು ಮುಗಿಯುವ ಮೊದಲೇ, “ಲಾಡ್ಜಿನ್ಯಾಗ ಯಾಕ ಇರ್ತಿಯಲೇ, ನಮ್ಮ ರೂಮ್ ಇಲ್ಲೇನು?” ಎಂದು ರೇಗುತ್ತಾನೆ. ತುಮಕೂರು ಕಡೆಯವನಾದರೆ, “ಅದೇನ್ ಮಾತು ಅಂತ ಆಡ್ತೀಯ ಮಾರಾಯ, ಸುಮ್ನೆ ಬಾ” ಅನ್ನುತ್ತಾನೆ. ಇಬ್ಬರೂ ಮನಸಾರೆಯೇ ಕರೆಯುತ್ತಾರೆ. ಕರೆದವನ ರೂಮಿನಲ್ಲಿ ಜಾಗ ಇದೆಯೇ ಎಂಬುದು ಮಾತ್ರ ಅವರ ಬಾಯಿಂದ ಬರುವುದಿಲ್ಲ. ಅದನ್ನು ಹೋಗುವವನೇ ಊಹಿಸಿಕೊಳ್ಳಬೇಕು.

ಮೊದಲು ಬಂದಿಳಿಯುವ ವಿಷಯ. ಹುಬ್ಬಳ್ಳಿ, ಹಾವೇರಿ, ದಾವಣಗೆರೆ, ಚಿತ್ರದುರ್ಗ, ಶಿವಮೊಗ್ಗ, ಹಾಸನದ ಕಡೆಯ ಬಸ್ಸುಗಳು ಬೆಂಗಳೂರಿಗೆ ಬರುವುದು ತುಮಕೂರು ರಸ್ತೆಯಿಂದ. ಬೆಳಗಿನ ಜಾವ ಐದರ ಹೊತ್ತಿಗೆ ಕಂಡಕ್ಟರ್ ಲೈಟು ಹಾಕಿ “ಎಂಟನೇ ಮೈಲಿ, ಜಾಲಳ್ಳಿ ಕ್ರಾಸ್, ಎಸ್ಸಾರೆಸ್ಸು, ಗೊರಗುಂಟೆಪಾಳ್ಯ” ಎಂದು ಒಂದೇ ಉಸಿರಿನಲ್ಲಿ ಕೂಗುತ್ತಾನೆ. ಅರ್ಧ ಬಸ್ಸು ಅಲ್ಲೇ ಖಾಲಿಯಾಗುತ್ತದೆ. ಪೀಣ್ಯದಲ್ಲಿ ಗೆಳೆಯರಿರುವವರು ಮೆಜೆಸ್ಟಿಕ್‌ವರೆಗೆ ಹೋಗಿ ಅಲ್ಲಿಂದ ವಾಪಸು ಬರುವ ಅಗತ್ಯವೇ ಇಲ್ಲ. ಇದನ್ನು ಸರ್ಕಾರವೂ ಒಮ್ಮೆ ಲೆಕ್ಕ ಹಾಕಿತ್ತು. ಆ ಕಡೆಯ ಬಸ್ಸುಗಳು ಮೆಜೆಸ್ಟಿಕ್ ತನಕ ಬಂದು ದಟ್ಟಣೆ ಹೆಚ್ಚಿಸುವುದು ಬೇಡವೆಂದು ಪೀಣ್ಯದಲ್ಲಿ ಕೋಟಿಗಟ್ಟಲೆ ಖರ್ಚು ಮಾಡಿ ಬಸವೇಶ್ವರ ಬಸ್ ನಿಲ್ದಾಣ ಕಟ್ಟಿದರು. 2014ರಲ್ಲಿ ಬಸ್ಸುಗಳನ್ನು ಅಲ್ಲಿಗೆ ವರ್ಗಾಯಿಸಿಯೂ ಆಯಿತು. ಮುಖ್ಯರಸ್ತೆಯಿಂದಲೂ ಮೆಟ್ರೊದಿಂದಲೂ ಒಳಗಿದ್ದ ನಿಲ್ದಾಣದಲ್ಲಿ ನಡುರಾತ್ರಿ ಇಳಿದು ಸಿಟಿ ಬಸ್ಸಿಗಾಗಿ ಕಾಯಲು ಜನ ಒಪ್ಪಲಿಲ್ಲ. ಬಸ್ಸುಗಳು ಮೆಜೆಸ್ಟಿಕ್‌ಗೆ ಮರಳಿದವು, ನಿಲ್ದಾಣ ಭಣಗುಟ್ಟಿತು. ಇಳಿಯುವ ಜಾಗ ಎಲ್ಲಿರಬೇಕೆಂದು ಪ್ರಯಾಣಿಕರು ತಾವೇ ತೀರ್ಮಾನಿಸಿದ್ದರು, ಅದು ರಸ್ತೆ ಬದಿ.

ಐದಕ್ಕೆ ಇಳಿದವರಿಗೆ ಅಷ್ಟು ಹೊತ್ತಿಗೆ ಮೆಟ್ರೊ ಸಿಗುತ್ತದೆ. ಸಂಪಿಗೆ ರಸ್ತೆಯಿಂದ ಪೀಣ್ಯ ಇಂಡಸ್ಟ್ರಿವರೆಗಿನ ಹಸಿರು ಮಾರ್ಗ 2014ರ ಮಾರ್ಚ್ 1ರಂದು ಶುರುವಾಯಿತು. ಮರುವರ್ಷ ನಾಗಸಂದ್ರಕ್ಕೆ, 2024ರ ನವೆಂಬರ್‌ನಲ್ಲಿ ಮಾದಾವರಕ್ಕೆ ಬೆಳೆಯಿತು. ಊರಿನಿಂದ ಸೋಮವಾರ ಬೆಳಿಗ್ಗೆ ವಾಪಸಾಗುವವರ ಗದ್ದಲ ನೋಡಿ 2025ರ ಜನವರಿಯಿಂದ ಸೋಮವಾರ ಮಾತ್ರ ನಾಲ್ಕೂಕಾಲಿಗೇ ರೈಲು ಬಿಡತೊಡಗಿದರು. ಭಾನುವಾರದ ಕಥೆ ಉಲ್ಟಾ, ಅಂದು ಏಳರವರೆಗೆ ಗೇಟು ತೆರೆಯುವುದಿಲ್ಲ. ಶನಿವಾರ ರಾತ್ರಿ ಬಸ್ಸು ಹತ್ತುವವರು ಇದನ್ನು ನೆನಪಿಟ್ಟುಕೊಂಡರೆ ಆಟೊದವರ ಬಾಯಿಗೆ ಬೀಳುವುದು ತಪ್ಪುತ್ತದೆ.

ಇನ್ನು ರೂಮು. ಪೀಣ್ಯದಲ್ಲಿ ಫ್ಯಾಕ್ಟರಿಗಳಿವೆ, ಮನೆಗಳು ಕಡಿಮೆ. ಎಪ್ಪತ್ತರ ದಶಕದಲ್ಲಿ ಸಣ್ಣ ಕೈಗಾರಿಕೆಗಳಿಗೆಂದು ಶೆಡ್ಡು, ನಿವೇಶನ ಹಂಚಿ ಬೆಳೆಸಿದ ಪ್ರದೇಶ ಇದು. ಪೀಣ್ಯ ಕೈಗಾರಿಕಾ ಸಂಘ ಹುಟ್ಟಿದ್ದು 1978ರಲ್ಲಿ. ಲೇತು, ಪ್ರೆಸ್ಸು, ಪೌಡರ್ ಕೋಟಿಂಗ್, ಗಾರ್ಮೆಂಟ್ಸ್ ಎಂದು ಹಂತ ಹಂತವಾಗಿ ಹಬ್ಬಿದ ಈ ಎಸ್ಟೇಟಿಗೆ ಕೆಲಸಕ್ಕೆ ಬರುವವರು ಮಲಗುವುದು ಸುತ್ತಲಿನ ಹಳ್ಳಿಗಳಲ್ಲಿ. ಹೆಗ್ಗನಹಳ್ಳಿ, ಲಗ್ಗೆರೆ, ರಾಜಗೋಪಾಲನಗರ, ಚೊಕ್ಕಸಂದ್ರ, ಅಂದ್ರಹಳ್ಳಿ, ಸುಂಕದಕಟ್ಟೆ. ಈಗ ಇವನ್ನು ಹಳ್ಳಿ ಅನ್ನಲು ಹೆಸರು ಬಿಟ್ಟರೆ ಬೇರೆ ಕುರುಹು ಉಳಿದಿಲ್ಲ. ಇಪ್ಪತ್ತು–ಮೂವತ್ತರ ಸೈಟು, ಅದರ ಮೇಲೆ ನಾಲ್ಕು ಅಂತಸ್ತು, ಪ್ರತಿ ಅಂತಸ್ತಿಗೆ ಎರಡು ಮನೆ, ತಾರಸಿಯ ಮೇಲೊಂದು ಶೀಟಿನ ರೂಮು.

ಆ ಶೀಟಿನ ರೂಮನ್ನೇ ಸ್ವಲ್ಪ ಹತ್ತಿರದಿಂದ ನೋಡೋಣ. ಹತ್ತಡಿಗೆ ಹನ್ನೆರಡಡಿ. ಬಾಗಿಲ ಹಿಂದಿನ ಮೊಳೆಗೆ ನೀಲಿ ಯೂನಿಫಾರ್ಮುಗಳು, ಎಷ್ಟು ಒಗೆದರೂ ಹೋಗದ ಕಟಿಂಗ್ ಆಯಿಲ್ ವಾಸನೆ. ಒಂದು ಮೂಲೆಯಲ್ಲಿ ಸಿಂಗಲ್ ಬರ್ನರ್ ಸ್ಟೌ, ಪಕ್ಕದಲ್ಲಿ ನೀರಿನ ನೀಲಿ ಡ್ರಮ್ಮು, ಅದರ ಮುಚ್ಚಳದ ಮೇಲೆ ಸೋಪು, ಬ್ರಷ್ಷು, ಚಾರ್ಜರು. ಇರುವವರು ಮೂವರು, ಹಾಸಿಗೆ ಎರಡು. ಇದರಲ್ಲಿ ಲೆಕ್ಕ ತಪ್ಪಿಲ್ಲ. ಆರರಿಂದ ಎರಡು ಮೊದಲನೇ ಶಿಫ್ಟು, ಎರಡರಿಂದ ಹತ್ತು ಎರಡನೆಯದು, ಹತ್ತರಿಂದ ಆರು ನೈಟು. ಮೂವರೂ ಒಟ್ಟಿಗೆ ಮಲಗುವ ಪ್ರಸಂಗವೇ ಬರುವುದಿಲ್ಲ. ರಾತ್ರಿ ಪಾಳಿಯವನು ಬೆಳಿಗ್ಗೆ ಆರೂವರೆಗೆ ಬಂದು, ಮೊದಲನೇ ಶಿಫ್ಟಿನವನು ಎದ್ದುಹೋದ ಹಾಸಿಗೆಯ ಮೇಲೆ ಬೀಳುತ್ತಾನೆ. ಕಿಟಕಿಗೆ ಹಳೆ ಬೆಡ್‌ಶೀಟ್ ಕಟ್ಟಿರುವುದು ಅವನ ಹಗಲನ್ನು ರಾತ್ರಿ ಮಾಡಲು.

ಈ ವ್ಯವಸ್ಥೆಗೆ ಊರಿಂದ ಬಂದ ನಾಲ್ಕನೆಯವನು ಸೇರಿಕೊಂಡರೆ ಏನಾಗುತ್ತದೆ? ಮೊದಲ ದಿನ ಏನೂ ಆಗುವುದಿಲ್ಲ. ಚಾಪೆ ಹಾಸುತ್ತಾರೆ, ಮೊಟ್ಟೆ ತರುತ್ತಾರೆ, ಊರ ಸುದ್ದಿ ಹೊತ್ತು ಮೀರುವವರೆಗೂ ನಡೆಯುತ್ತದೆ. ಎರಡನೇ ದಿನ ನೈಟ್ ಮುಗಿಸಿ ಬಂದವನು ಬಾಗಿಲು ತೆಗೆದರೆ ತನ್ನ ಹಾಸಿಗೆಯಲ್ಲಿ ಅಪರಿಚಿತ ನಿದ್ದೆ ಹೊಡೆಯುತ್ತಿದ್ದಾನೆ. ನೈಟ್ ಮುಗಿಸಿ ಬಂದವನು ನಿಮ್ಮ ಗೆಳೆಯನಲ್ಲ, ಗೆಳೆಯನ ರೂಮ್‌ಮೇಟು. ಎಬ್ಬಿಸಲು ಸಂಕೋಚ. ತಾರಸಿಯ ಮೇಲೆ ಹೋಗಿ ಬೀಡಿ ಸೇದುತ್ತ ಕೂರುತ್ತಾನೆ. ಅಂದು ರಾತ್ರಿ ಮತ್ತೆ ಪ್ರೆಸ್ ಮುಂದೆ ನಿಲ್ಲಬೇಕಾದವನಿಗೆ ಅರ್ಧ ನಿದ್ದೆ ಎಂದರೆ ಬರೀ ಬೇಸರದ ಪ್ರಶ್ನೆಯಲ್ಲ, ಬೆರಳಿನ ಪ್ರಶ್ನೆ. ಪವರ್ ಪ್ರೆಸ್‌ನಲ್ಲಿ ಬೆರಳು ಕಳೆದುಕೊಂಡವರು ಈ ಬೀದಿಗಳಲ್ಲಿ ಅಪರೂಪವಲ್ಲ. ಅತಿಥಿ ಸತ್ಕಾರದ ಬಗ್ಗೆ ಮಾತಾಡುವಾಗ ನಾವು ಕರೆದವನನ್ನು ಮಾತ್ರ ಎಣಿಸುತ್ತೇವೆ, ಪಕ್ಕದ ಹಾಸಿಗೆಯವನನ್ನು ಮರೆಯುತ್ತೇವೆ.

ಸರದಿಯ ಮೇಲೆ ನಿದ್ದೆ ಮಾಡುವ ಪದ್ಧತಿ ಪೀಣ್ಯದಲ್ಲೇ ಹುಟ್ಟಿದ್ದೇನಲ್ಲ. ಮುಂಬೈಯ ಗಿರಣಗಾಂವ್‌ನಲ್ಲಿ ಬಟ್ಟೆ ಗಿರಣಿಗಳು ನಡೆಯುತ್ತಿದ್ದ ಕಾಲಕ್ಕೆ ಕೊಂಕಣದ ಒಂದೊಂದು ಊರಿನವರು ಸೇರಿ ಚಾಳಿನಲ್ಲಿ ಒಂದೊಂದು ಕೋಣೆ ಹಿಡಿಯುತ್ತಿದ್ದರು. ಪಾಳಿಗೆ ಹೋದವರ ಜಾಗದಲ್ಲಿ ಪಾಳಿ ಮುಗಿಸಿದವರು ಮಲಗುತ್ತಿದ್ದರು, ಊಟ ಖಾನಾವಳಿಯಲ್ಲಿ. ಅದೇ ಮುಂಬೈಯಲ್ಲಿ ನಮ್ಮ ಕರಾವಳಿಯ ಹುಡುಗರು ಉಡುಪಿ ಹೋಟೆಲು ಬಾಗಿಲು ಹಾಕಿದ ಮೇಲೆ ಟೇಬಲ್ಲು ಜೋಡಿಸಿಕೊಂಡು ಮಲಗಿ ದೊಡ್ಡವರಾದರು. ಜಪಾನಿನವರು 1979ರಲ್ಲಿ ಒಸಾಕಾದಲ್ಲಿ ಕ್ಯಾಪ್ಸೂಲ್ ಹೋಟೆಲ್ ತೆರೆದು ಒಬ್ಬ ಮನುಷ್ಯ ಮಲಗುವಷ್ಟೇ ಜಾಗವನ್ನು ಬಾಡಿಗೆಗೆ ಬಿಟ್ಟರು. ಮನೆಗೆ ಹೋಗಲಾಗದೆ ಉಳಿದ ನೌಕರರಿಗೆ ಅನುಕೂಲವಾಯಿತು. ಪೀಣ್ಯದಲ್ಲಿ ಅಂಥದ್ದು ಬಂದರೆ ಚೆನ್ನಾಗಿ ನಡೆದೀತು ಎಂಬುದು ನನ್ನ ಅನಿಸಿಕೆ. ಚಂದ್ರಯಾನ–3 ಅನ್ನು 2023ರ ಆಗಸ್ಟ್ 23ರಂದು ಚಂದ್ರನ ಮೇಲೆ ಇಳಿಸಿದ ಇಸ್ರೊದ ನಿಯಂತ್ರಣ ಕೇಂದ್ರ ಇರುವುದು ಇದೇ ಪೀಣ್ಯದಲ್ಲಿ. ಅಷ್ಟು ದೂರದಲ್ಲಿ ಇಳಿಯಲು ಜಾಗ ಹುಡುಕಿಕೊಟ್ಟ ಊರಲ್ಲಿ ರಾಣೆಬೆನ್ನೂರಿನವನಿಗೆ ಒಂದು ರಾತ್ರಿ ಬೆನ್ನು ಚೆಲ್ಲಲು ಜಾಗ ಹೊಂದಿಸುವುದು ಕಷ್ಟ!

ನೀರಿನ ಲೆಕ್ಕ ಇನ್ನೂ ಸೂಕ್ಷ್ಮ. 2024ರ ಬೇಸಿಗೆಯಲ್ಲಿ ಬೋರ್‌ವೆಲ್‌ಗಳು ಬತ್ತಿ ಹೊರವಲಯದ ಬಡಾವಣೆಗಳೆಲ್ಲ ಟ್ಯಾಂಕರ್ ಕಾಯುತ್ತಿದ್ದುದು ನೆನಪಿರಬಹುದು. ಆರು ಸಾವಿರ ಲೀಟರಿಗೆ ಐದು ಕಿಲೋಮೀಟರ್ ಒಳಗಾದರೆ 600 ರೂಪಾಯಿ ಎಂದು ಆಗ ಜಿಲ್ಲಾಡಳಿತವೇ ದರ ಕಟ್ಟಬೇಕಾಯಿತು. ಆ ವರ್ಷದ ಅಕ್ಟೋಬರ್‌ನಲ್ಲಿ ಕಾವೇರಿ ಐದನೇ ಹಂತ ಉದ್ಘಾಟನೆಯಾಗಿ ಹೊರವಲಯದ 110 ಹಳ್ಳಿಗಳಿಗೆ ನೀರು ಕೊಡುವ ಕೆಲಸ ಶುರುವಾದರೂ, ಬಾಡಿಗೆ ಮನೆಗಳ ಓನರುಗಳು ಕಲಿತ ಪಾಠ ಮರೆತಿಲ್ಲ. ತಲೆಗೆ ಇಷ್ಟು ಎಂದು ನೀರಿನ ದುಡ್ಡು ವಸೂಲಿ ಮಾಡುವ ಕಡೆ ಹೊಸ ತಲೆ ಕಂಡರೆ ಓನರ್ ಆಂಟಿ ಮೆಟ್ಟಿಲ ಬಳಿಯೇ ವಿಚಾರಿಸುತ್ತಾರೆ. “ಯಾರಪ್ಪಾ ಅವ್ರು? ಎಷ್ಟ್ ದಿವ್ಸ ಇರ್ತಾರೆ?” ಗೆಳೆಯ “ನಾಳೆ ಹೋಗ್ತಾನೆ ಆಂಟಿ” ಅನ್ನುತ್ತಾನೆ. ಆ ಮಾತು ಕಿವಿಗೆ ಬಿದ್ದಮೇಲೂ ನಾಲ್ಕು ದಿನ ಉಳಿಯುವುದು ಅವನ ಮಾನವನ್ನು ಅಡವಿಟ್ಟಂತೆ.

ಪಿಜಿಯಲ್ಲಿರುವ ಗೆಳೆಯನಾದರೆ ಕೇಳುವುದೇ ಬೇಡ. ಒಬ್ಬರಿಗೆ ಕನಿಷ್ಠ 70 ಚದರಡಿ ಜಾಗ, ದಿನಕ್ಕೆ 135 ಲೀಟರ್ ನೀರು ಇರಬೇಕೆಂದು ಬಿಬಿಎಂಪಿ 2024ರ ಆಗಸ್ಟ್‌ನಲ್ಲಿ ಪಿಜಿಗಳಿಗೆ ನಿಯಮ ಮಾಡಿತು. ಎಪ್ಪತ್ತು ಚದರಡಿಯಲ್ಲಿ ಮಂಚ, ಬೀರು ಹೋದರೆ ಚಾಪೆಗೆ ಎಲ್ಲಿ ಜಾಗ? ಹುಡುಗರ ಕೆಲವು ಪಿಜಿಗಳಲ್ಲಿ ದಿನದ ಲೆಕ್ಕಕ್ಕೆ ಗೆಸ್ಟ್ ಚಾರ್ಜ್ ಕೊಟ್ಟು ಖಾಲಿ ಮಂಚ ಹಿಡಿಯಬಹುದು, ಇದು ಒಳ್ಳೆಯ ಉಪಾಯವೇ. ಲೇಡೀಸ್ ಪಿಜಿಗಳಲ್ಲಿ ಹೆತ್ತ ತಾಯಿಗೂ ಮೊದಲೇ ಹೇಳಿ ಒಪ್ಪಿಗೆ ಪಡೆಯಬೇಕು.

ಹಾಗಾದರೆ ಲಾಡ್ಜೇ ಗತಿಯೇ? ಒಂದು ರಾತ್ರಿಗಾದರೆ ಗೆಳೆಯನ ರೂಮು, ಅದಕ್ಕಿಂತ ಹೆಚ್ಚಾದರೆ ಹತ್ತಿರದ ಲಾಡ್ಜು ಎಂಬುದು ನನ್ನ ಪಕ್ಷ. ಊಟ ಮಾತ್ರ ಎರಡೂ ಹೊತ್ತು ಅವನ ಜೊತೆಗೇ. ಜಾಲಹಳ್ಳಿ ಕ್ರಾಸ್, ದಾಸರಹಳ್ಳಿ ಸುತ್ತ ‘ಬೋರ್ಡಿಂಗ್ ಅಂಡ್ ಲಾಡ್ಜಿಂಗ್’ ಬೋರ್ಡುಗಳಿಗೆ ಕೊರತೆಯಿಲ್ಲ. ಆರಿಸುವಾಗ ಬೆಲೆಗಿಂತ ಮೊದಲು ಕೋಣೆ ಯಾವ ಕಡೆಗಿದೆ ಎಂದು ನೋಡಿ. ಹೆದ್ದಾರಿಯ ಕಡೆ ಕಿಟಕಿ ಇದ್ದರೆ ರಾತ್ರಿಯಿಡೀ ಲಾರಿಗಳ ಏರ್‌ಬ್ರೇಕಿನ ಸದ್ದು. 2021ರ ಡಿಸೆಂಬರ್‌ನಲ್ಲಿ ಪೀಣ್ಯ ಫ್ಲೈಓವರಿನ ಕೇಬಲ್ಲು ಕೆಟ್ಟು ಸಂಚಾರ ನಿಂತಾಗ ಕೆಳಗಿನ ರಸ್ತೆಯ ಲಾಡ್ಜುಗಳಲ್ಲಿ ಮಲಗಿದವರ ಪಾಡು ಯಾರಿಗೂ ಬೇಡ. ಎರಡು ತಿಂಗಳ ಬಳಿಕ ಕಾರು, ಬೈಕುಗಳನ್ನು ಬಿಟ್ಟರು, ಲಾರಿ–ಬಸ್ಸುಗಳು ಮತ್ತೆ ಮೇಲೇರಿದ್ದು 2024ರ ಜುಲೈ ಕೊನೆಗೆ. ಕೆಳಗಡೆ ಬಾರ್ ಇದ್ದರೆ ಎರಡನೇ ಮಹಡಿಗಿಂತ ಮೇಲಿನ ಕೋಣೆ ಕೇಳಿ. ಹಿಂಬದಿಯ ಕೋಣೆಗೆ ಕಿಟಕಿ ಚಿಕ್ಕದಿದ್ದರೂ ಪರವಾಗಿಲ್ಲ, ನಿದ್ದೆ ಬರುತ್ತದೆ.

ಆ್ಯಪ್‌ನಲ್ಲಿ ಬುಕ್ ಮಾಡುವವರು ಒಂದು ವಿಷಯದಲ್ಲಿ ಎಡವುತ್ತಾರೆ. ಆ್ಯಪ್ ಹೋಟೆಲುಗಳಲ್ಲಿ ಚೆಕ್–ಇನ್ ಮಧ್ಯಾಹ್ನ ಹನ್ನೆರಡಕ್ಕೆ, ರಾತ್ರಿ ಬಸ್ಸು ಬಂದಿಳಿಸುವುದು ಐದಕ್ಕೆ. ನಡುವಿನ ಏಳು ಗಂಟೆ ಬ್ಯಾಗು ಹಿಡಿದು ಎಲ್ಲಿ ಕೂರುವುದು? ಹಳೇ ಕಾಲದ ಲಾಡ್ಜುಗಳಲ್ಲಿ ‘24 ಗಂಟೆ ಚೆಕ್‌ಔಟ್’ ಎಂಬ ಬೋರ್ಡು ಇನ್ನೂ ಇದೆ. ಬೆಳಿಗ್ಗೆ ಐದೂವರೆಗೆ ಕೀಲಿ ಪಡೆದರೆ ಮರುದಿನ ಐದೂವರೆಯವರೆಗೆ ಕೋಣೆ ನಿಮ್ಮದು. ಬಾಡಿಗೆ ನೂರಿನ್ನೂರು ಹೆಚ್ಚಾದರೂ ರಾತ್ರಿ ಬಸ್ಸಿನವರಿಗೆ ಇದೇ ಲಾಭ. ತೆರಿಗೆಯ ಲೆಕ್ಕವೂ ತಿಳಿದಿರಲಿ. ಸಾವಿರ ರೂಪಾಯಿ ಒಳಗಿನ ಕೋಣೆಗಳಿಗೆ 2022ರ ಜುಲೈ 18ಕ್ಕೆ ಮೊದಲು ಜಿಎಸ್‌ಟಿ ಇರಲಿಲ್ಲ. ಆಮೇಲೆ ಶೇ 12 ಬಿತ್ತು, 2025ರ ಸೆಪ್ಟೆಂಬರ್ 22ರಿಂದ ಅದು ಶೇ 5ಕ್ಕೆ ಇಳಿದಿದೆ. ಇನ್ನೂ ಹಳೇ ದರವನ್ನೇ ಬಿಲ್ಲಿಗೆ ಸೇರಿಸುವ ಕೌಂಟರ್ ಇದ್ದರೆ ಬಾಯಿಬಿಟ್ಟು ಕೇಳಿ. ಮತ್ತೊಂದು ವಿಚಿತ್ರ: ಹಲವು ಕಡೆ ಬೆಂಗಳೂರು ವಿಳಾಸದ ಆಧಾರ್ ಇದ್ದವರಿಗೆ ಕೋಣೆ ಕೊಡುವುದಿಲ್ಲ. ಗೆಳೆಯನೂ ನಿಮ್ಮ ಜೊತೆ ಲಾಡ್ಜಿನಲ್ಲೇ ಉಳಿದು ಹರಟೋಣ ಎಂದುಕೊಂಡಿದ್ದರೆ, ಅವನು ಊರ ವಿಳಾಸ ಬದಲಿಸಿಲ್ಲವೆಂದು ಖಾತ್ರಿ ಮಾಡಿಕೊಂಡೇ ಹೋಗಬೇಕು.

ಹೆಂಡತಿ ಮಕ್ಕಳ ಜೊತೆ ಬರುವವರು ಹೆದ್ದಾರಿ ಲಾಡ್ಜುಗಳ ಗೊಡವೆಗೆ ಹೋಗದೆ ಯಶವಂತಪುರದಲ್ಲಿ ಇಳಿದುಕೊಳ್ಳುವುದು ಲೇಸು. ಅಲ್ಲಿಂದ ಪೀಣ್ಯ ಇಂಡಸ್ಟ್ರಿಗೆ ಮೆಟ್ರೊದಲ್ಲಿ ಮೂರನೇ ಸ್ಟೇಷನ್. ರೈಲಿನಲ್ಲಿ ಬಂದವರಿಗೆ ಇನ್ನೂ ಸುಲಭ, ಹುಬ್ಬಳ್ಳಿ ಕಡೆಯ ಹಲವು ರೈಲುಗಳಿಗೆ ಯಶವಂತಪುರದಲ್ಲಿ ನಿಲುಗಡೆ ಇದೆ. ಮೆಜೆಸ್ಟಿಕ್ ಯಾರಿಗೆ ಎಂದರೆ, ಗೆಳೆಯರು ಮೂರು ದಿಕ್ಕಿನಲ್ಲಿರುವವರಿಗೆ. ಒಬ್ಬ ಪೀಣ್ಯದಲ್ಲಿ, ಇನ್ನೊಬ್ಬಳು ವೈಟ್‌ಫೀಲ್ಡ್‌ನಲ್ಲಿ, ಮತ್ತೊಬ್ಬ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಎಂದಾದರೆ ಯಾರ ಮನೆಯಲ್ಲಿ ಉಳಿದರೂ ಉಳಿದಿಬ್ಬರು ಕೈತಪ್ಪುತ್ತಾರೆ. ನೇರಳೆ ಮಾರ್ಗ ವೈಟ್‌ಫೀಲ್ಡ್ ಮುಟ್ಟಿದ್ದು 2023ರಲ್ಲಿ. 2025ರ ಆಗಸ್ಟ್‌ನಲ್ಲಿ ಹಳದಿ ಮಾರ್ಗವೂ ಬಂದಮೇಲೆ ಆರ್.ವಿ. ರಸ್ತೆಯಲ್ಲಿ ಬದಲಿಸಿಕೊಂಡು ಎಲೆಕ್ಟ್ರಾನಿಕ್ ಸಿಟಿಗೂ ಹೋಗಿಬರಬಹುದು. ಆದರೆ ಅದೇ ವರ್ಷದ ಫೆಬ್ರುವರಿಯಲ್ಲಿ ಮೆಟ್ರೊ ದರ ಏರಿ ಗರಿಷ್ಠ ಟಿಕೆಟ್ 60ರಿಂದ 90 ರೂಪಾಯಿಗೆ ಹೋಗಿದೆ. ಮೂವರನ್ನೂ ನೋಡುವ ಹುಮ್ಮಸ್ಸಿಗೆ ಅದೂ ಒಂದು ಕಡಿವಾಣ.

ಮೆಜೆಸ್ಟಿಕ್ ಎಂದಮೇಲೆ ತೋಟದಪ್ಪನ ಛತ್ರ ಬಿಟ್ಟು ಮುಂದೆ ಹೋಗಲಾಗದು. ಇದೇ ತುಮಕೂರು ದಿಕ್ಕಿನ ಗುಬ್ಬಿ ಮೂಲದ ವ್ಯಾಪಾರಿ ತೋಟದಪ್ಪನವರು ರೈಲು ನಿಲ್ದಾಣದ ಎದುರಿಗೆ ಜಾಗ ಕೊಂಡು ಯಾತ್ರಿಕರಿಗಾಗಿ ಕಟ್ಟಿಸಿದ ಛತ್ರ 1903ರಲ್ಲಿ ತೆರೆಯಿತು. ವಿದ್ಯಾರ್ಥಿಗಳಿಗೆ ಹಾಸ್ಟೆಲನ್ನೂ ಮಾಡಿದರು. ಮೈಸೂರು ಮಹಾರಾಜರಿಂದ ಧರ್ಮಪ್ರವರ್ತ ಎಂಬ ಬಿರುದು, ಬ್ರಿಟಿಷರಿಂದ ರಾವ್ ಬಹದ್ದೂರ್ ಪದವಿ ಬಂತು. ಅವರ ಟ್ರಸ್ಟು ಈಗಲೂ ನಡೆಯುತ್ತಿದೆ. ಬೆಂಗಳೂರಿಗೆ ಬಂದರೆ ಯಾರ ಮನೆಗೆ ಹೋಗುವುದೆಂಬ ಚಿಂತೆಗೆ ನೂರಿಪ್ಪತ್ತು ವರ್ಷದ ಹಿಂದೆಯೇ ಒಬ್ಬರು ಕೊಟ್ಟ ಉತ್ತರ ಇದು: ಯಾರ ಮನೆಗೂ ಹೊರೆಯಾಗಬೇಡಿ, ಆದರೆ ಅದಕ್ಕಾಗಿ ಬಡವರ ಕಿಸೆಗೂ ಕತ್ತರಿ ಬೀಳಬಾರದು. ಆಮೇಲೆ ಬಂದ ಕಾಲದಲ್ಲಿ ನಮ್ಮ ಜಿಲ್ಲೆಗಳ ಜನ ಶಾಸಕರ ಭವನದಲ್ಲಿ ತಮ್ಮ ಎಂಎಲ್‌ಎ ಕೋಣೆಯ ನೆಲವನ್ನೂ ಛತ್ರ ಮಾಡಿಕೊಂಡರು. ಅಲ್ಲಿ ರಾತ್ರಿ ಮಲಗಿದವರ ಲೆಕ್ಕ ಯಾವ ಎಂಎಲ್‌ಎಗೂ ಇರಲಿಕ್ಕಿಲ್ಲ.

ಈಚೆಗೆ ಅತಿಥಿಗಳ ಸ್ವರೂಪವೂ ಬದಲಾಗಿದೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದಮೇಲೆ ಊರಿನ ಅವ್ವಂದಿರು, ಅಕ್ಕಂದಿರು ಪೀಣ್ಯಕ್ಕೆ ಬರುವುದು ಹೆಚ್ಚಿದೆ. ಗಾರ್ಮೆಂಟ್ಸ್‌ನಲ್ಲಿ ದುಡಿಯುವ ಮಗಳನ್ನೋ ಗೆಳತಿಯನ್ನೋ ನೋಡಲು ಮೊದಲು ವರ್ಷಕ್ಕೊಮ್ಮೆ ಬರುತ್ತಿದ್ದವರು ಈಗ ಜಾತ್ರೆಯ ಪ್ರಸಾದ ಕೊಡಲೂ ಬರುತ್ತಾರೆ. ಉಚಿತ ಪ್ರಯಾಣ ಸ್ಲೀಪರ್, ಎಸಿ ಬಸ್ಸಿಗಿಲ್ಲ, ಕೆಂಪು ಬಸ್ಸಿಗೆ ಮಾತ್ರ. ಹೀಗಾಗಿ ಬೆಳಿಗ್ಗೆ ಊರು ಬಿಟ್ಟು ಸಂಜೆ ದೀಪ ಹಚ್ಚುವ ಹೊತ್ತಿಗೆ ಜಾಲಹಳ್ಳಿ ಕ್ರಾಸಿನಲ್ಲಿ ಇಳಿಯುತ್ತಾರೆ. ಅಂದರೆ ರಾತ್ರಿ ಉಳಿಯುವುದು ಖಾಯಂ. ಇವರಿಗೆ ಲಾಡ್ಜಿನ ಮಾತೇ ಎತ್ತುವಂತಿಲ್ಲ, ಎತ್ತಬಾರದು ಕೂಡ. ಅವರು ಕಟ್ಟಿಕೊಂಡು ಬಂದ ಖಡಕ್ ರೊಟ್ಟಿ, ಶೇಂಗಾ ಚಟ್ನಿಯ ಗಂಟು ಬಿಚ್ಚಿದರೆ ಇಡೀ ವಠಾರಕ್ಕೆ ಸಾಕು. ನೀರಿನ ದುಡ್ಡು ಕೇಳುವ ಓನರ್ ಆಂಟಿಗೂ ನಾಲ್ಕು ರೊಟ್ಟಿ ಹೋಗುತ್ತದೆ, ಆ ವಾರ ಮೆಟ್ಟಿಲ ಬಳಿ ವಿಚಾರಣೆ ಇರುವುದಿಲ್ಲ. ಬರಿಗೈಲಿ ಬರುವ ಗಂಡಸರು ಗಮನಿಸಬೇಕಾದ ಅಂಶ.

ಯಾವಾಗ ಬರಬಾರದು ಎಂಬುದನ್ನೂ ಹೇಳಿಬಿಡುತ್ತೇನೆ. ಮಾದಾವರದ ಪ್ರದರ್ಶನ ಕೇಂದ್ರದಲ್ಲಿ ಜನವರಿ ಹೊತ್ತಿಗೆ ಇಮ್‌ಟೆಕ್ಸ್ ಯಂತ್ರೋಪಕರಣ ಮೇಳ ನಡೆಯುತ್ತದೆ. ಕೊಯಮತ್ತೂರು, ಪುಣೆ, ರಾಜ್‌ಕೋಟ್‌ನಿಂದ ಬಂದವರೆಲ್ಲ ತುಮಕೂರು ರಸ್ತೆಯಲ್ಲೇ ಕೋಣೆ ಹುಡುಕುತ್ತಾರೆ. ಆ ವಾರ ಲಾಡ್ಜಿನವರು ಹೇಳಿದ್ದೇ ರೇಟು. ಗೆಳೆಯನೂ ಮಾಲೀಕರ ಸ್ಟಾಲ್ ಕೆಲಸಕ್ಕೆ ಓಡಾಡುತ್ತಿರುತ್ತಾನೆ, ಕೈಗೆ ಸಿಗುವುದಿಲ್ಲ.

ಬರಬೇಕಾದದ್ದು ಆಯುಧಪೂಜೆಗೆ. ಅಂದು ಪೀಣ್ಯದಲ್ಲಿ ನೈಟ್ ಶಿಫ್ಟ್ ಇಲ್ಲ. ಹಿಂದಿನ ದಿನವೇ ಮಷಿನ್ ತೊಳೆದು, ಲೇತಿಗೆ ಬಾಳೆಕಂದು ಕಟ್ಟಿ, ಸಿಎನ್‌ಸಿಯ ಪರದೆಗೂ ವಿಭೂತಿ ಎಳೆದಿರುತ್ತಾರೆ. ವರ್ಷವಿಡೀ ಗೇಟಿನಲ್ಲಿ ತಡೆಯುವ ಸೆಕ್ಯುರಿಟಿಯವನು ಅಂದು ಹೆಂಡತಿ, ಮಕ್ಕಳು, ಊರಿಂದ ಬಂದ ಗೆಳೆಯರನ್ನು ಒಳಗೆ ಬಿಡುತ್ತಾನೆ. ಗೆಳೆಯ ತನ್ನ ಮಷಿನ್ ಮುಂದೆ ನಿಲ್ಲಿಸಿ ಅದರಲ್ಲಿ ಏನು ತಯಾರಾಗುತ್ತದೆ, ಎಷ್ಟು ಮೈಕ್ರಾನ್ ಆಚೀಚೆಯಾದರೆ ರಿಜೆಕ್ಟ್ ಎಂದು ವಿವರಿಸುತ್ತಾನೆ. ಕೈಗೆ ಕಡ್ಲೆಪುರಿ, ಸ್ವೀಟ್ ಬಾಕ್ಸ್ ಬರುತ್ತದೆ. ರೂಮ್‌ಮೇಟುಗಳಲ್ಲಿ ಒಬ್ಬಿಬ್ಬರು ಊರಿಗೆ ಹೋಗಿರುತ್ತಾರೆ, ಹಾಸಿಗೆ ಖಾಲಿ. ಲಾಡ್ಜು ಬೇಕೆಂದರೂ ವ್ಯಾಪಾರಕ್ಕೆ ಬರುವವರಿಲ್ಲದೆ ಕೋಣೆಗಳು ಬಿದ್ದಿರುತ್ತವೆ, ಚೌಕಾಸಿಗೂ ಬಗ್ಗುತ್ತಾರೆ. ಹಬ್ಬಕ್ಕೆ ಊರಿಗೆ ಹೊರಟವರ ಎದುರು ದಿಕ್ಕಿನಲ್ಲಿ ನೀವು ಬರುವುದರಿಂದ ಬಸ್ಸಿನಲ್ಲಿ ಕಿಟಕಿ ಸೀಟೂ ಸಿಗುತ್ತದೆ. ವಾಪಸು ಹೋಗಲು ಟಿಕೆಟ್ ಬುಕ್ ಮಾಡುವಾಗ ಹತ್ತುವ ಜಾಗವನ್ನು ಗೊರಗುಂಟೆಪಾಳ್ಯ ಎಂದೇ ಹಾಕಿ, ಮೆಜೆಸ್ಟಿಕ್ ಎಂದು ಹಾಕಿದರೆ ಗೆಳೆಯ ಬೈಕಿನಲ್ಲಿ ಬಿಡಲು ಅಲ್ಲಿಯವರೆಗೂ ಬರುತ್ತೇನೆ ಅನ್ನುತ್ತಾನೆ, ಮರುದಿನ ಅವನಿಗೆ ಫಸ್ಟ್ ಶಿಫ್ಟ್.